ಸಹಾಯ ಬೇಕು: ಎರಡು ಬಗೆ ಎಣ್ಣೆ ಇದ್ರೆ ಗಮ್ ಲೆಕ್ಕ ಹೇಗೆ?

ಫಾರ್ಮಸಿ ಓದಿರೋರು ಸ್ವಲ್ಪ ನೋಡಿ. ಎಮಲ್ಷನ್ (ಎಣ್ಣೆ-ನೀರು ಬೆರೆಸಿ ಮಾಡೋ ಮಿಶ್ರಣ) ಪ್ರಾಕ್ಟಿಕಲ್‌ನಲ್ಲಿ ಸಿಕ್ಕಾಕೊಂಡಿದೀನಿ.

ಫಾರ್ಮುಲಾ: ಹರಳೆಣ್ಣೆ 28 ಮಿ.ಲೀ., ನೀಲಗಿರಿ ಎಣ್ಣೆ 4 ಮಿ.ಲೀ., ನೀರು ಸೇರಿಸಿ ಒಟ್ಟು 100 ಮಿ.ಲೀ. ಡ್ರೈ ಗಮ್ ವಿಧಾನ (ಮೊದಲು ಗಮ್ಮನ್ನ ಎಣ್ಣೆ ಜೊತೆ ಅರೆದು ಆಮೇಲೆ ನೀರು), ಗಮ್ ಅಕೇಶಿಯಾ (ಎಣ್ಣೆ-ನೀರನ್ನ ಕೂಡಿಸಿ ಹಿಡಿಯೋ ಅಂಟು). ಒಟ್ಟು ಎಣ್ಣೆ 32 ಅಂತ ಹಿಡಿದು 4:2:1ರ (ಎಣ್ಣೆ:ನೀರು:ಗಮ್) ಪ್ರಕಾರ ಗಮ್ 8 ಗ್ರಾಂ, ನೀರು 16 ಮಿ.ಲೀ. ಹಾಕಿದೆ. ಅರೆಯುವಾಗ ಬರಬೇಕಾದ ಚಟಚಟ ಸದ್ದು ಬರಲಿಲ್ಲ. ಬೆಳ್ಳಗೆ ಕೆನೆಯಂತಾಗೋ ಬದಲು ತೆಳ್ಳಗೆ, ಹಳದಿಯಾಗೇ ಉಳೀತು. ಮತ್ತೆ ನಾಲ್ಕು ಹನಿ ನೀರು ಬಿಟ್ಟಿದ್ದೇ ತಡ, ಎಣ್ಣೆ ಮೇಲೆ ತೇಲ್ತು.

ಮಾರ್ಟರ್ (ಅರೆಯೋ ಪಾತ್ರೆ), ಎಣ್ಣೆ ಅಳೆಯೋ ಸಿಲಿಂಡರ್ ಎರಡೂ ಒಣಗಿದ್ವು. ನೀರಿಗೆ ಬೇರೆ ಸಿಲಿಂಡರ್. 16 ಮಿ.ಲೀ. ಒಂದೇ ಸಲ ಸುರಿದು, ಒಂದೇ ದಿಕ್ಕಿಗೆ ಜೋರಾಗಿ ಅರೆದೆ. ಎರಡು ಸಲ ಮಾಡಿದ್ರೂ ಇದೇ ಕಥೆ.

ನೀಲಗಿರಿ ಥರ ಆವಿಯಾಗೋ ಎಣ್ಣೆಗೆ 2:2:1 ಅಲ್ವಾ? ಹಾಗೆ ಬೇರೆಬೇರೆ ಲೆಕ್ಕ ಹಾಕಿದ್ರೆ ಗಮ್ 7 + 2 = 9 ಗ್ರಾಂ, ನೀರು 14 + 4 = 18 ಮಿ.ಲೀ. ಆಗುತ್ತೆ. ಒಂದು ಗ್ರಾಂ ವ್ಯತ್ಯಾಸಕ್ಕೇ ಇಷ್ಟು ಕೆಡುತ್ತಾ ಅನ್ನೋದೇ ಅನುಮಾನ.

ಯಾವ ಲೆಕ್ಕ ಸರಿ, 8 ಗ್ರಾಮಾ 9 ಗ್ರಾಮಾ? ಒಡೆದಿರೋದನ್ನ ಹೊಸ ಗಮ್ ಹಾಕಿ ಸರಿಮಾಡಬಹುದಾ, ಚೆಲ್ಲಿಬಿಡಬೇಕಾ?