ನೆರೆಮನೆಯ ವೃದ್ಧೆಯನ್ನು ನೋಡಿಕೊಳ್ಳುವುದು ಕರ್ತವ್ಯವೇ, ಬರಿಯ ದಯೆಯೇ?

ಹೆತ್ತೂರು ಕಡೆಯವನು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ಸಕಲೇಶಪುರ ತಾಲ್ಲೂಕಿನ ಹೆತ್ತೂರು ಕಡೆಯ ಒಂದು ಸಣ್ಣ ಊರಿನವರು. ನಮ್ಮ ಮನೆಯಿಂದ ಗದ್ದೆಯ ಬದುವಿನ ಮೇಲೆ ಐದು ನಿಮಿಷ ನಡೆದರೆ ಎಂಬತ್ತು ದಾಟಿದ ವೃದ್ಧೆಯೊಬ್ಬರ ಮನೆಯಿದೆ. ದೊಡ್ಡಮ್ಮ ಎಂದು ಕರೆಯುತ್ತೇವೆಯಾದರೂ ಅವರು ನಮ್ಮ ಸಂಬಂಧಿಕರಲ್ಲ. ಮಗ ಬೆಂಗಳೂರಿನಲ್ಲಿದ್ದಾನೆ, ತಿಂಗಳಿಗೆ ತಪ್ಪದೆ ಹಣ ಕಳಿಸುತ್ತಾನೆ, ಹಬ್ಬಕ್ಕೆ ಬಂದು ಹೋಗುತ್ತಾನೆ. ಮೂರು ವರ್ಷದ ಹಿಂದಿನ ಮಳೆಗಾಲದಲ್ಲಿ ದೊಡ್ಡಮ್ಮ ಪಾಚಿಗಟ್ಟಿದ ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಅಂದಿನಿಂದ ಬೆಳಗಿನ ರೊಟ್ಟಿ, ರಾತ್ರಿಯ ಗಂಜಿ, ಬಿ.ಪಿ. ಮಾತ್ರೆ, ಹಂಡೆಗೆ ನೀರು, ಎಲ್ಲವೂ ನಮ್ಮ ಮನೆಯಿಂದಲೇ ನಡೆಯುತ್ತಿದೆ. ಇದನ್ನು ನಮಗೆ ಯಾರೂ ಒಪ್ಪಿಸಲಿಲ್ಲ, ನಾವೂ ಯಾರಿಗೂ ಮಾತು ಕೊಡಲಿಲ್ಲ.

ಮಗಳ ಪಿಯುಸಿಗಾಗಿ ಬರುವ ಜೂನ್ ಹೊತ್ತಿಗೆ ಹಾಸನಕ್ಕೆ ಮನೆ ಮಾಡಬೇಕೆಂದಿದ್ದೇವೆ. ವಿಷಯ ತಿಳಿಸಿದಾಗ ದೊಡ್ಡಮ್ಮ, "ಹೋಗ್ಬನ್ನಿ, ಮಗು ಓದು ಮುಖ್ಯ" ಎಂದರು. ಆ ದಿನದಿಂದ ನನ್ನ ಹೆಂಡತಿಗೆ ಸರಿಯಾಗಿ ನಿದ್ದೆ ಬರುತ್ತಿಲ್ಲ.

ಮನುಷ್ಯನಾಗಿ ಹುಟ್ಟಿದ ಒಂದೇ ಕಾರಣಕ್ಕೆ ಇನ್ನೊಬ್ಬ ಮನುಷ್ಯನನ್ನು ನೋಡಿಕೊಳ್ಳುವ ಹೊಣೆ ನಮ್ಮ ಮೇಲಿದೆಯೇ? ಇಲ್ಲವೆಂದಾದರೆ, ಬಿಟ್ಟು ಹೋಗುವುದು ಬರಿಯ ಬೇಸರದ ಸಂಗತಿಯಾಗಿ ಕಾಣದೆ ತಪ್ಪಾಗಿ ಏಕೆ ಕಾಣುತ್ತಿದೆ? ಇದೆಯೆಂದಾದರೆ, ಮೂವತ್ತು ಮನೆಯ ಊರಿನಲ್ಲಿ ಅದು ನಮ್ಮೊಬ್ಬರ ಮೇಲೆ ಮಾತ್ರ ಏಕೆ ಬಂದಿತು?

ನಿವೃತ್ತ ಶಿರಸ್ತೇದಾರ, ಹಾಸನ

ಕಾನೂನು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಮೊದಲು ಹೇಳುತ್ತೇನೆ. ಅದು ನಿಂತಲ್ಲಿಂದಲೇ ನಿಮ್ಮ ಪ್ರಶ್ನೆ ಆರಂಭವಾಗುತ್ತದೆ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆಗೆ ಸಂಬಂಧಿಸಿದ 2007ರ ಕಾಯ್ದೆಯ ಪ್ರಕಾರ, ತಮ್ಮನ್ನು ತಾವು ನೋಡಿಕೊಳ್ಳಲಾಗದ ತಂದೆತಾಯಿಯ ಹೊಣೆ ಮಕ್ಕಳದು. ಮಕ್ಕಳಿಲ್ಲದ, 60 ವರ್ಷ ತುಂಬಿದವರಾದರೆ, ಅವರ ಆಸ್ತಿ ಯಾರ ಕೈಯಲ್ಲಿದೆಯೋ ಅಥವಾ ಮುಂದೆ ಯಾರಿಗೆ ಸೇರಲಿದೆಯೋ ಆ ಸಂಬಂಧಿಕರದು. ಉಪವಿಭಾಗಾಧಿಕಾರಿಗಳ ಮುಂದೆ ವಕೀಲರಿಲ್ಲದೆಯೇ ಅರ್ಜಿ ಹಾಕಬಹುದು. ಮೂಲ ಕಾಯ್ದೆಯಲ್ಲಿ ಜೀವನಾಂಶದ ಮಿತಿ ತಿಂಗಳಿಗೆ 10,000 ರೂಪಾಯಿ. ಈ ಕಾಯ್ದೆಯಲ್ಲಿ ಎಲ್ಲಿ ಹುಡುಕಿದರೂ ನೆರೆಮನೆಯವರ ಹೆಸರಿಲ್ಲ.

ಹಳೆಯ ದಂಡ ಸಂಹಿತೆಯ 491ನೆಯ ಕಲಮಿನಲ್ಲಿ, ಈಗಿನ ಭಾರತೀಯ ನ್ಯಾಯ ಸಂಹಿತೆಯ 357ನೆಯದರಲ್ಲಿ, ಅಸಹಾಯಕರನ್ನು ನೋಡಿಕೊಳ್ಳಲು ಒಪ್ಪಿಕೊಂಡು ಬೇಕೆಂದೇ ಕೈಬಿಡುವವರಿಗೆ ಶಿಕ್ಷೆಯಿದೆ. ಆದರೆ ಅದಕ್ಕೆ ಕಾನೂನುಬದ್ಧ ಒಪ್ಪಂದವಿರಬೇಕು. ನಿಮ್ಮ ನಡುವೆ ಅದಿಲ್ಲ. ಕಾನೂನಿನ ಲೆಕ್ಕದಲ್ಲಿ ನೀವು ನಾಳೆಯೇ ಹೊರಡಬಹುದು. ಆದರೂ ಬಾಯಿಮಾತಿನ ಒಪ್ಪಂದವೂ ಇಲ್ಲದ ಕಡೆ, ಮೂರು ವರ್ಷ ಪ್ರತಿದಿನ ಬಾಗಿಲು ತಟ್ಟಿದ್ದೇ ಒಂದು ಮಾತಾಗಿಬಿಡುತ್ತದೆ ಎಂದು ನನಗನ್ನಿಸುತ್ತದೆ. ನೀವು ಬರುತ್ತೀರೆಂಬ ನಂಬಿಕೆಯ ಮೇಲೆಯೇ ಅವರು ಬೇರೆ ಏರ್ಪಾಡು ಮಾಡಿಕೊಳ್ಳಲಿಲ್ಲವಲ್ಲ. ಬಿಟ್ಟು ಹೋಗುವುದು ನಿಮಗೆ ತಪ್ಪಾಗಿ ಕಾಣುತ್ತಿರುವುದು ಇದರಿಂದಲೇ ಇರಬಹುದು.

ಮೂಡಿಗೆರೆ ರೈತ

ಶಿರಸ್ತೇದಾರರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಊರಿನ ಉಳಿದ ಮನೆಗಳನ್ನು ಅಷ್ಟು ಸುಲಭವಾಗಿ ಬಿಟ್ಟುಬಿಡಲಾರೆ. 2019ರ ಆಗಸ್ಟ್‌ನಲ್ಲಿ ನಮ್ಮ ತಾಲ್ಲೂಕಿನ ಮಲೆಮನೆ, ಮಧುಗುಂಡಿ ಭಾಗದಲ್ಲಿ ಗುಡ್ಡ ಜರಿದಾಗ, ಉಟ್ಟ ಬಟ್ಟೆಯಲ್ಲಿ ಬಂದವರಿಗೆ ಜನ ತಮ್ಮ ಮನೆಯ ಬಾಗಿಲು ತೆರೆದರು. ಇದು ನನ್ನ ಕರ್ತವ್ಯವೇ ಎಂದು ಯಾರೂ ಕೇಳುತ್ತ ಕೂರಲಿಲ್ಲ. ಎಲ್ಲರ ಕಣ್ಣೆದುರು ಒಂದೇ ದಿನ ಬರುವ ಕಷ್ಟವನ್ನು ಊರು ಹಂಚಿಕೊಳ್ಳುತ್ತದೆ. ದಿನಕ್ಕೆ ಎರಡು ಹೊತ್ತಿನ ಗಂಜಿಯಂತಹ, ಮುಗಿಯುವ ತಾರೀಖಿಲ್ಲದ ಕಷ್ಟವನ್ನು ಹತ್ತಿರದ ಮನೆಗೆ ಬಿಟ್ಟು ಸುಮ್ಮನಾಗುತ್ತದೆ.

ಹಿಂದೆ ಎಲ್ಲರೂ ಎಲ್ಲರನ್ನೂ ನೋಡಿಕೊಳ್ಳುತ್ತಿದ್ದರು ಎಂದು ಹೇಳುವವರು ಮುಯ್ಯಾಳು ಪದ್ಧತಿಯನ್ನು ನೆನೆಯುತ್ತಾರೆ. ನಾನೂ ಅದರಲ್ಲಿ ನಾಟಿ ಮಾಡಿದವನೇ. ನಮ್ಮ ಗದ್ದೆಗೆ ಅವರ ಮನೆಯಿಂದ ಇಬ್ಬರು ಬಂದರೆ, ಅವರ ಗದ್ದೆಗೆ ನಮ್ಮಿಂದ ಇಬ್ಬರು ಹೋಗಬೇಕು. ಒಂದಾಳು ಕಡಿಮೆಯಾದರೂ ಮುಂದಿನ ವರ್ಷದವರೆಗೆ ನೆನಪಿರುತ್ತಿತ್ತು. ಒಳ್ಳೆಯ ಪದ್ಧತಿ, ಅನುಮಾನವಿಲ್ಲ. ಆದರೆ ಗದ್ದೆಯಿಲ್ಲದವರು, ತೋಟದ ಲೈನ್ ಮನೆಗಳಲ್ಲಿದ್ದವರು, ತೋಳಿನಲ್ಲಿ ಶಕ್ತಿ ಉಳಿಯದ ಮುದುಕರು ಆ ಲೆಕ್ಕದೊಳಗೆ ಬರುತ್ತಲೇ ಇರಲಿಲ್ಲ. ದೊಡ್ಡಮ್ಮ ನಿಮಗೆ ಮುಯ್ಯಿ ತೀರಿಸಲಾರರು. ಮುಯ್ಯಿ ಮುಗಿದ ಜಾಗದಲ್ಲಿ ಉಳಿಯುವುದೇ ನಿಜವಾದ ಹೊಣೆ ಎಂಬುದು ನನ್ನ ನಂಬಿಕೆ, ಮತ್ತು ಅದು ಮೂವತ್ತು ಮನೆಗಳದ್ದು. ನೀವು ಇಷ್ಟು ದಿನ ಉಳಿದ ಇಪ್ಪತ್ತೊಂಬತ್ತು ಮನೆಗಳ ಪಾಲನ್ನೂ ಹೊತ್ತಿದ್ದೀರಿ. ಊರಲ್ಲೇ ಉಳಿಯಬೇಕೆಂಬ ಕರ್ತವ್ಯ ನಿಮಗಿಲ್ಲ. ಹೊರಡುವ ಮೊದಲು ಊರಿನವರನ್ನು ಕೂರಿಸಿ ವಾರದ ಒಂದೊಂದು ದಿನ ಒಂದೊಂದು ಮನೆಗೆ ಎಂದು ಒಪ್ಪಿಸಿ ಹೊರಡುವ ಕರ್ತವ್ಯವಿದೆ.

ಬೇಲೂರಿನ ಸೊಸೆ

ಮೇಲಿನ ಮೂವರೂ "ಮನೆ" ಎಂಬ ಮಾತನ್ನು ಬಳಸಿದ್ದೀರಿ. ಮನೆ ರೊಟ್ಟಿ ಸುಡುವುದಿಲ್ಲ, ಮನೆ ಸೊಂಟ ಮುರಿದವರನ್ನು ಎತ್ತಿ ಬಚ್ಚಲಿಗೆ ಕರೆದೊಯ್ಯುವುದಿಲ್ಲ. ಪ್ರಶ್ನೆ ಕೇಳಿದವರ ಹೆಂಡತಿ ಆ ಕೆಲಸ ಮಾಡಿದ್ದಾರೆ, ನಿದ್ದೆ ಬಾರದೆ ಇರುವವರೂ ಅವರೇ. ನಾನು ಅತ್ತೆಯವರನ್ನು ಆರು ವರ್ಷ ನೋಡಿಕೊಂಡೆ, ಪ್ರೀತಿಯಿಂದಲೇ ನೋಡಿಕೊಂಡೆ. ಬಂದವರೆಲ್ಲ ನನ್ನ ಗಂಡನನ್ನು ಎಂಥ ಮಗನಪ್ಪ ಎಂದು ಹೊಗಳಿ ಹೋಗುತ್ತಿದ್ದರು. ಕರ್ತವ್ಯ ಒಬ್ಬರ ಹೆಸರಿನಲ್ಲಿದ್ದು ಕೆಲಸ ಇನ್ನೊಬ್ಬರ ಮೈಮೇಲಿದ್ದರೆ, ಅದನ್ನು ನೀತಿಯೆಂದು ಕರೆಯಲು ನನಗೆ ಮನಸ್ಸಾಗುವುದಿಲ್ಲ. ಮೂಡಿಗೆರೆಯವರು ಹೇಳಿದ ಸರದಿಯೂ ಕೊನೆಗೆ ಏಳು ಮನೆಯ ಏಳು ಹೆಂಗಸರ ಸರದಿಯೇ ಆಗುತ್ತದೆ, ಗಂಡಸರೂ ಪಾತ್ರೆ ಹಿಡಿದು ಹೋಗುತ್ತಾರೆಂದು ಮೊದಲೇ ಮಾತಾಗದಿದ್ದರೆ.

ಮಗ ಕಳಿಸುವ ಹಣದಲ್ಲಿ ಹಗಲು ಜೊತೆಗಿರುವ ಒಬ್ಬರಿಗೆ ಸರಿಯಾದ ಸಂಬಳ ಕೊಡಬಹುದು. ಸಂಬಳ ಕೊಟ್ಟು ಮಾಡಿಸಿದ ಆರೈಕೆ ಕೀಳೆಂದು ತಿಳಿಯಬೇಡಿ. ಕೊಡದೆ ಮಾಡಿಸಿಕೊಂಡದ್ದೇ ನಮ್ಮಲ್ಲಿ ಹೆಚ್ಚು. ಇನ್ನೊಂದು ಮಾತು. ಏನು ಬೇಕೆಂದು ದೊಡ್ಡಮ್ಮನನ್ನು ಯಾರಾದರೂ ಕೇಳಿದಿರಾ? ಹೋಗಿ ಬನ್ನಿ ಎಂದು ನಿಮ್ಮ ಮಗಳ ಓದನ್ನು ತಮ್ಮ ಗಂಜಿಗಿಂತ ಮೇಲಿಟ್ಟವರು ಅವರು. ಆ ಕ್ಷಣದಲ್ಲಿ ನೋಡಿಕೊಂಡವರು ಅವರು, ನೋಡಿಸಿಕೊಂಡವರು ನೀವು.

ಹೆತ್ತೂರು ಕಡೆಯವನು

ಬೇಲೂರಿನವರ ಮಾತನ್ನು ಹೆಂಡತಿಗೆ ಓದಿ ಹೇಳಿದೆ. ಅವಳು ಬಹಳ ಹೊತ್ತು ಮಾತನಾಡಲಿಲ್ಲ. ಆಮೇಲೆ, ಮೂರು ವರ್ಷದಲ್ಲಿ ನಾನು ಒಂದು ದಿನವೂ ಆ ಗಂಜಿಯ ಪಾತ್ರೆ ಹಿಡಿದು ಬದು ದಾಟಿಲ್ಲವೆಂದಳು. ಅದು ನಿಜ. ನಿನ್ನೆ ರಾತ್ರಿ ನಾನೇ ಹೋದೆ. ಏನು ಬೇಕೆಂದು ಕೇಳಿದಾಗ ದೊಡ್ಡಮ್ಮ, ಬೆಂಗಳೂರಿಗೆ ಮಾತ್ರ ಹೋಗಲಾರೆ, ರಾತ್ರಿ ಯಾರಾದರೂ ಒಬ್ಬರು ಜಗಲಿಯಲ್ಲಿ ಮಲಗಿದರೆ ಸಾಕು ಎಂದರು. ಹಗಲಿನದಕ್ಕಿಂತ ರಾತ್ರಿಯ ಭಯವೇ ಅವರಿಗೆ ಹೆಚ್ಚೆಂದು ನಮಗೆ ಇಷ್ಟು ದಿನ ತಿಳಿದೇ ಇರಲಿಲ್ಲ. ಭಾನುವಾರ ಮಗನಿಗೆ ಫೋನ್ ಮಾಡಿ ಸಂಬಳದ ವಿಷಯ ಮಾತನಾಡುತ್ತೇನೆ, ಊರಿನವರನ್ನೂ ಸೇರಿಸುತ್ತೇನೆ. ಜೂನ್‌ವರೆಗೆ ರಾತ್ರಿಯ ಗಂಜಿ ನನ್ನದು.