ವಾಚಿನ ತಾರೀಖು ಮುಂದೆ ಓಡಿಬಿಟ್ಟಿದೆ, ಹಿಂದಕ್ಕೆ ಬರ್ತಿಲ್ಲ

ಕಲಬುರಗಿ ಬಿಸಿಲು:
ಎಲ್ಲರಿಗೂ ಶರಣು. ನಮ್ಮ ಮಾಮಾ ದುಬೈಯಿಂದ ತಂದಿದ್ದ ಹಳೆ ಐಡಬ್ಲ್ಯೂಸಿ ಕಂಪನಿಯ ಡಾ ವಿಂಚಿ ವಾಚು ಈಗ ನನ್ನ ಕೈಗೆ ಬಂದಿದೆ, 3750 ನಂಬರಿನದು. ತಾರೀಖು, ವಾರ, ತಿಂಗಳು, ಚಂದ್ರ, ಸಾಲದ್ದಕ್ಕೆ ಎಡಗಡೆ ಕೆಳಗಿನ ಸಣ್ಣ ಕಿಟಕಿಯಲ್ಲಿ ಇಸವಿ ಬೇರೆ. ಬಹಳ ದಿನದಿಂದ ನಿಂತಿತ್ತು. ನಿನ್ನೆ ಚಾವಿ ಕೊಟ್ಟು, ಕ್ರೌನ್ (ಪಕ್ಕದ ಚಾವಿ ತಿರುಪು) ಅರ್ಧ ಎಳೆದು ತಾರೀಖು ತಿರುಗಿಸುತ್ತಾ ಕೂತಿದ್ದೆ. ಮನೆಯವರು ಏನೋ ಕೇಳಿದರು, ಮಾತಾಡ್ತಾ ಬೆರಳು ಓಡಿಬಿಟ್ಟಿತು. ಇವತ್ತು ಫೆಬ್ರುವರಿ 18, ವಾಚಲ್ಲಿ 24! ಹಿಂದಕ್ಕೆ ತಿರುಗಿಸಿದರೆ ಏನೂ ಆಗ್ತಿಲ್ಲ. ಊರಿನ ಒಂದು ಅಂಗಡಿಯವರು ಬಿಚ್ಚಲೇಬೇಕು ಅಂತಾರೆ. ಕೊಡಲೋ ಬೇಡವೋ?

ಬೀದರ್ ಕೋಟೆ:
ಕೊಡಬೇಡಿ ಅಣ್ಣಾ. ವಾಚು ಕೆಟ್ಟಿಲ್ಲ. 1985ರಲ್ಲಿ ಐಡಬ್ಲ್ಯೂಸಿಯ ವಾಚು ತಜ್ಞ ಕುರ್ಟ್ ಕ್ಲೌಸ್ ಇದನ್ನು ಮಾಡಿದಾಗ ಇಡೀ ಕ್ಯಾಲೆಂಡರನ್ನು ಒಂದೇ ಕ್ರೌನಿಗೆ ಕಟ್ಟಿಹಾಕಿದರು. ಬೇರೆ ಕಂಪನಿಯ ಇಂಥ ವಾಚುಗಳಲ್ಲಿ ಸಾಮಾನ್ಯವಾಗಿ ಪಕ್ಕದ ಸಣ್ಣ ಗುಂಡಿ ಒತ್ತಿ ಒಂದೊಂದನ್ನೂ ಬೇರೆ ಬೇರೆ ಸರಿಮಾಡುತ್ತಾರೆ. ಇದರಲ್ಲಿ ತಾರೀಖು ಒಂದು ಹೆಜ್ಜೆ ಇಟ್ಟರೆ ವಾರ, ತಿಂಗಳು, ಚಂದ್ರ ಎಲ್ಲಾ ಅದರ ಹಿಂದೆಯೇ ನಡೆಯುತ್ತವೆ. ಹಿಂದಕ್ಕೆ ದಾರಿ ಇಲ್ಲ. ನೀವು 6 ದಿನ ಮುಂದೆ ಇದ್ದೀರಿ, ಅಷ್ಟೇ. ವಾಚನ್ನು ನಿಲ್ಲಿಸಿ, ದಿನವೇ ಬಂದು ಅದನ್ನು ಹಿಡಿಯಲಿ.

ಯಾದಗಿರಿ ಹುಡುಗ:
ಕ್ರೌನ್ ಪೂರ್ತಿ ಎಳೆದಿಟ್ಟರೆ ಈಗಲೇ ನಿಲ್ಲುತ್ತೆ ಅಲ್ವಾ? ಯಾಕೆ ಕಾಯೋದು?

ಬೀದರ್ ಕೋಟೆ:
ನಿಲ್ಲುತ್ತೆ ತಮ್ಮಾ, ಆದರೆ ವಾರಗಟ್ಟಲೆ ಬಾಯಿ ತೆರೆದಿಟ್ಟಂಗೆ ಆಗುತ್ತೆ. ನಮ್ಮ ಕಡೆ ಧೂಳು ಗೊತ್ತಲ್ಲ. ಸುಮ್ನೆ ಕೈಯಿಂದ ತೆಗೆದು ಅಲ್ಮಾರಿಯಲ್ಲಿಡಿ, ತುಂಬಿದ ಚಾವಿಗೆ ಸುಮಾರು 44 ಗಂಟೆ ನಡೆದು ತಾನೇ ನಿಲ್ಲುತ್ತೆ. ಆಟೋಮ್ಯಾಟಿಕ್ ವಾಚು ಇದು, ನೋಡೋಕೆ ಅಂತ ಮತ್ತೆ ಮತ್ತೆ ಎತ್ತಿ ಅಲ್ಲಾಡಿಸಬೇಡಿ, ಚಾವಿ ಏರುತ್ತೆ.

ಅದು ನಡೆಯುವಾಗ ತಾರೀಖೂ ಮುಂದೆ ಹೋಗುತ್ತೆ. ಅದಕ್ಕೆ ಈಗಿನ 24 ಮರೆತುಬಿಡಿ, ನಿಂತ ಮೇಲೆ ಏನು ತೋರಿಸುತ್ತೋ ಅದನ್ನು ಬರೆದಿಟ್ಟುಕೊಳ್ಳಿ. ಎಲ್ಲರೂ ತಪ್ಪುವುದು ಮುಂದಿನ ಹೆಜ್ಜೆಯಲ್ಲಿ. 26ಕ್ಕೆ ನಿಂತಿದ್ದರೆ 26ನೇ ತಾರೀಖು ಮುಟ್ಟಬೇಡಿ. ಮುಳ್ಳು 4 ಗಂಟೆಗೆ ನಿಂತಿದ್ದರೆ ಅದು ಬೆಳಗಿನ ಜಾವದ ನಾಲ್ಕೋ ಸಾಯಂಕಾಲದ ನಾಲ್ಕೋ ನಿಮಗೆ ಗೊತ್ತಿರುವುದಿಲ್ಲ. 27ರ ಬೆಳಿಗ್ಗೆ ಚಾವಿ ಕೊಡಿ, ಕ್ರೌನ್ ಪೂರ್ತಿ ಎಳೆದು ಮುಳ್ಳುಗಳನ್ನು ಮುಂದಕ್ಕೆ ತಿರುಗಿಸಿ. ತಾರೀಖು 27ಕ್ಕೆ ಬದಲಾಯಿತು ಅಂದರೆ ವಾಚಿನಲ್ಲಿ ಮಧ್ಯರಾತ್ರಿ ಆಯಿತು. ಅಲ್ಲಿಂದ ಮುಂದೆ ಆ ಹೊತ್ತಿನ ಟೈಮಿಗೆ ತನ್ನಿ. ಅರ್ಧ ಎಳೆದು ತಾರೀಖು ತಿರುಗಿಸೋ ಕೆಲಸವನ್ನು, ವಾಚಲ್ಲಿ ರಾತ್ರಿ 8ರಿಂದ 2 ಇರುವಾಗ ಎಂದೂ ಮಾಡಬೇಡಿ, ಒಳಗಿನ ಚಕ್ರದ ಹಲ್ಲು ಮುರಿದರೆ ಆಗ ನಿಜವಾಗಿಯೂ ಬಿಚ್ಚಬೇಕಾಗುತ್ತೆ.

ಕಲಬುರಗಿ ಬಿಸಿಲು:
26ಕ್ಕೇ ನಿಂತಿತ್ತು ಕಾಕಾ, 4 ದಾಟಿ ಹತ್ತು ನಿಮಿಷ! 27ರ ಬೆಳಿಗ್ಗೆ ತಿರುಗಿಸಿದೆ. ಮೊದಲ ಹನ್ನೆರಡಕ್ಕೇ ತಾರೀಖು ಬದಲಾಯಿತು, ಅಂದರೆ ನಿಂತದ್ದು ಸಾಯಂಕಾಲ. ವಾರ, ಚಂದ್ರ ಎಲ್ಲಾ ಸರಿ ಕೂತಿವೆ.

ಬೀದರ್ ಕೋಟೆ:
ಚಂದ್ರ 122 ವರ್ಷಕ್ಕೆ ಒಂದು ದಿನ ಮಾತ್ರ ತಪ್ಪುತ್ತಾನೆ, ಅದರ ಚಿಂತೆ ಬಿಡಿ. ಕಾಕಾ ಅಂದಿರಲ್ಲ, ಅಷ್ಟು ವಯಸ್ಸಾಗಿಲ್ಲರೀ. ಈ ವರ್ಷ ಫೆಬ್ರುವರಿಗೆ 28 ದಿನ. ನಾಳೆ ರಾತ್ರಿ ಮಲಗಬೇಡಿ, ನೋಡಿ.

ಕಲಬುರಗಿ ಬಿಸಿಲು:
ನೋಡಿದೆ. ಟೇಬಲ್ ಲ್ಯಾಂಪ್ ಹಚ್ಚಿ, ಮಗಳನ್ನೂ ಎಬ್ಬಿಸಿ ಕೂತಿದ್ದೆ. ತಾರೀಖಿನ ಸಣ್ಣ ಮುಳ್ಳು 29, 30, 31 ಮೂರನ್ನೂ ಹಾರಿ 1ರ ಮೇಲೆ ಹೋಗಿ ಕೂತಿತು, ಕೆಳಗೆ ತಿಂಗಳೂ ಮಾರ್ಚ್ ಆಯಿತು. ಮಗಳು "ಇಷ್ಟಕ್ಕೆ ಎಬ್ಬಿಸಿದ್ರಾ?" ಅಂತ ಬೈದು ಮಲಗಿದಳು.