ದಾವಣಗೆರೆಯ ಹಳೆಯ ಮಿಲ್ ಶೆಡ್ಡು: ಕೆಡವದೆ ಬಳಸುವುದು ಹೇಗೆ?

ಜಾಬರ್ ಮಗಳು, ದಾವಣಗೆರೆ

ನಮ್ಮೂರು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ನಾನು ಶಾಲೆಯಲ್ಲಿ ಬಾಯಿಪಾಠ ಮಾಡುತ್ತಿದ್ದ ಕಾಲಕ್ಕೇ ಮಿಲ್ಲುಗಳಿಗೆ ಒಂದೊಂದಾಗಿ ಬೀಗ ಬೀಳುತ್ತಿತ್ತು. ಅಪ್ಪ ನೂಲಿನ ಮಿಲ್ಲೊಂದರ ರಿಂಗ್ ಫ್ರೇಮ್ ಎಂಬ ನೂಲುವ ಯಂತ್ರಗಳ ವಿಭಾಗದಲ್ಲಿ 22 ವರ್ಷ ದುಡಿದವರು, ಕೊನೆಗೆ ಜಾಬರ್, ಅಂದರೆ ಮೇಸ್ತ್ರಿ ಆಗಿದ್ದರು. ರಾತ್ರಿ ಪಾಳಿ ಮುಗಿಸಿ ಬಂದರೆ ಹುಬ್ಬೆಲ್ಲ ಹತ್ತಿಯ ಧೂಳಿನಿಂದ ಬೆಳ್ಳಗಾಗಿರುತ್ತಿತ್ತು. ಅವ್ವ ಬಾಗಿಲಲ್ಲೇ ನಿಲ್ಲಿಸಿ ಟವೆಲ್ಲಿನಿಂದ ಝಾಡಿಸಿಯೇ ಒಳಗೆ ಬಿಡುತ್ತಿದ್ದಳು.

ಆ ಮಿಲ್ಲಿನ ಒಂದು ಶೆಡ್ಡು, ಪಕ್ಕದ ಹತ್ತಿ ಗೋದಾಮು ಇನ್ನೂ ನಿಂತಿವೆ. ಯಂತ್ರಗಳು ಗುಜರಿಗೆ ಹೋಗಿ ವರ್ಷಗಳಾದವು. ಗರಗಸದ ಹಲ್ಲಿನಂತಹ ಛಾವಣಿ, ಉತ್ತರಕ್ಕೆ ಮುಖ ಮಾಡಿದ ಗಾಜುಗಳು, ಗೇಟಿನ ಪಕ್ಕದ ಹಾಜರಿ ಕಿಟಕಿ ಹಾಗೆಯೇ ಇವೆ. ಮಾಲೀಕರ ಮನೆತನದ ಈಗಿನ ತಲೆಮಾರಿನವರು ನಿವೇಶನ ಮಾಡಿ ಮಾರುವ ಯೋಚನೆಯಲ್ಲಿದ್ದರು. ನಾವು ಹನ್ನೊಂದು ಜನ ಹೋಗಿ ಕೇಳಿಕೊಂಡ ಮೇಲೆ, ಕಟ್ಟಡ ತನ್ನ ಖರ್ಚನ್ನು ತಾನೇ ದುಡಿದುಕೊಳ್ಳುವ ಯೋಜನೆ ತನ್ನಿ, ಮೂರು ತಿಂಗಳು ಕಾಯುತ್ತೇವೆ ಎಂದಿದ್ದಾರೆ.

ಒಂದು ಭಾಗದಲ್ಲಿ ಹೊಲಿಗೆ ಘಟಕಗಳು, ಸಣ್ಣ ಕಚೇರಿಗಳು. ಇನ್ನೊಂದರಲ್ಲಿ 200 ಜನ ಕೂರುವ ರಂಗಮಂದಿರ ಎಂದು ನಮ್ಮ ಆಸೆ. ರಂಗನಟಿ ಚಿಂದೋಡಿ ಲೀಲಾ ಅವರ ಊರಿದು. ಆದರೂ ನಮ್ಮ ತಂಡ ತಾಲೀಮಿಗೆ ಕಲ್ಯಾಣ ಮಂಟಪದ ಊಟದ ಹಾಲ್ ಖಾಲಿಯಾಗುವುದನ್ನು ಕಾಯುತ್ತದೆ. ಕಾಫಿ ಅಂಗಡಿಯೂ ಬರಲಿ, ಬೇಡ ಎನ್ನುವುದಿಲ್ಲ. ಆದರೆ ಅಲ್ಲಿ ದುಡಿದವರೇ ಒಳಗೆ ಕಾಲಿಡಲು ಹಿಂಜರಿಯುವಂತಹ ಜಾಗವಾದರೆ ನನಗೆ ಅದು ಬೇಡ. ಬೇರೆ ಊರುಗಳಲ್ಲಿ ಇಂಥದ್ದನ್ನು ಹತ್ತಿರದಿಂದ ಕಂಡವರು ದಯವಿಟ್ಟು ಹೇಳಿ: ಎಲ್ಲಿಂದ ಶುರು ಮಾಡಬೇಕು?

ಲೀಡ್ಸ್ ಕನ್ನಡಿಗ

ಇಲ್ಲಿ ಇಂಗ್ಲೆಂಡಿನಲ್ಲಿ ನಮ್ಮ ಮನೆಯಿಂದ ಸಾಲ್ಟೇರ್ ಎಂಬ ಮಿಲ್ಲಿನ ಊರು ದೂರವಿಲ್ಲ. ಅಲ್ಲಿನ ಸಾಲ್ಟ್ಸ್ ಮಿಲ್ಲನ್ನು ಟೈಟಸ್ ಸಾಲ್ಟ್ 1853ರಲ್ಲಿ ತೆರೆದದ್ದು, ಉಣ್ಣೆಯ ಬಟ್ಟೆಗೆ. 1986ರಲ್ಲಿ ಮುಚ್ಚಿತು. ಮರುವರ್ಷ ಜೊನಾಥನ್ ಸಿಲ್ವರ್ ಎಂಬ ಸ್ಥಳೀಯ ವ್ಯಾಪಾರಿ ಅದನ್ನು ಕೊಂಡರು. ಇಡೀ ಕಟ್ಟಡ ರಿಪೇರಿಯಾಗಲಿ ಎಂದು ಅವರು ಕಾಯಲಿಲ್ಲ. ಮೊದಲು ಒಂದು ಭಾಗದಲ್ಲಿ, ಪಕ್ಕದ ಬ್ರಾಡ್‌ಫರ್ಡ್‌ನಲ್ಲೇ ಹುಟ್ಟಿದ ಡೇವಿಡ್ ಹಾಕ್ನಿಯ ಚಿತ್ರಗಳನ್ನು ತೂಗುಹಾಕಿ ಬಾಗಿಲು ತೆರೆದರು. ಆಮೇಲೆ ಪೇಸ್ ಎಂಬ, ಉಪಗ್ರಹ ಟಿವಿಯ ಪೆಟ್ಟಿಗೆ ತಯಾರಿಸುವ ಕಂಪನಿ ಬಾಡಿಗೆಗೆ ಬಂತು. ಚಿತ್ರ ನೋಡಲು ಇಂದಿಗೂ ಟಿಕೆಟ್ ಇಲ್ಲ. ಎರಕದ ಕಬ್ಬಿಣದ ಕಂಬಗಳ ನಡುವೆ ಪುಸ್ತಕದ ಮೇಜುಗಳಿವೆ. ಮಳೆಯ ಭಾನುವಾರಗಳಲ್ಲಿ ಮಕ್ಕಳನ್ನು ಅಲ್ಲಿಗೇ ಕರೆದೊಯ್ಯುತ್ತೇನೆ. 2001ರಲ್ಲಿ ಆ ಊರು ವಿಶ್ವಪರಂಪರೆಯ ತಾಣವಾಯಿತು.

ನೀವೂ ಎಲ್ಲವನ್ನೂ ಒಟ್ಟಿಗೆ ಹಿಡಿಯಬೇಡಿ. ಬಾಡಿಗೆ ಖಾತ್ರಿಯಾಗಿ ಬರುವ ಒಂದು ಮೂಲೆ, ಜನ ಬಂದು ಹೋಗುವ ಒಂದು ಮೂಲೆ, ಈ ಎರಡರಿಂದ ಶುರು ಮಾಡಿ.

ಒಂದು ಕೊರತೆಯನ್ನೂ ಹೇಳಬೇಕು: ಅಲ್ಲಿ ನೂಲುವ ಸದ್ದಿಲ್ಲ. ಅಮೆರಿಕದ ಲೋವೆಲ್‌ನಲ್ಲಿ ಬೂಟ್ ಮಿಲ್ಲಿನ ವಸ್ತುಸಂಗ್ರಹಾಲಯದ ಮಗ್ಗಗಳನ್ನು ಇಂದಿಗೂ ಓಡಿಸುತ್ತಾರೆ. ನೋಡಲು ಬಂದವರು ಕಿವಿಗೆ ಬೆಣೆ ಇಟ್ಟುಕೊಳ್ಳಬೇಕಾಗುತ್ತದೆ. ನಿಮ್ಮ ತಂದೆಯವರು ಕೈಯಾರೆ ಓಡಿಸಿ ತೋರಿಸಲು ಒಂದೇ ಒಂದು ರಿಂಗ್ ಫ್ರೇಮ್ ಎಲ್ಲಾದರೂ ಸಿಗುತ್ತದೆಯೇ, ಹುಡುಕಿ.

ಪರೇಲ್ ಹೋಟೆಲಿನವನು

ತಂಗಿ, ನಾವು ಕುಂದಾಪುರದ ಕಡೆಯವರು. ಅಪ್ಪ ಮುಂಬೈಯ ಪರೇಲಿನಲ್ಲಿ ಬಟ್ಟೆ ಗಿರಣಿಯೊಂದರ ಎದುರಿಗೆ ಚಹಾ, ಉಸಳ್-ಪಾವ್ ಮಾರುವ ಹೋಟೆಲ್ ನಡೆಸುತ್ತಿದ್ದರು. 1982ರ ಜನವರಿ 18ರಂದು ದತ್ತಾ ಸಾಮಂತ್ ನೇತೃತ್ವದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಮುಷ್ಕರ ಹೂಡಿದರು. ನಮ್ಮ ಉದ್ರಿ ಪುಸ್ತಕದ ಎಷ್ಟೋ ಹೆಸರುಗಳು ಕೊಂಕಣಕ್ಕೆ, ಘಟ್ಟದ ಮೇಲಕ್ಕೆ ಹಿಂದಿರುಗಿದವು. ಅಪ್ಪ ಆ ಪುಸ್ತಕವನ್ನು ಕೊನೆಯವರೆಗೂ ಎಸೆಯಲಿಲ್ಲ, ವಸೂಲಿಗೂ ಹೋಗಲಿಲ್ಲ.

ಗಿರಣಿಯ ಜಾಗವನ್ನು ಬೇರೆ ಕೆಲಸಕ್ಕೆ ಬಳಸುವುದಾದರೆ ಹೆಚ್ಚುಕಡಿಮೆ ಮೂರನೆಯ ಒಂದು ಪಾಲು ಬಯಲಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಉಳಿದದ್ದು ಮಾಲೀಕರಿಗೆ ಎಂದು 1991ರಲ್ಲಿ ನಿಯಮವಾಯಿತು. 2001ರಲ್ಲಿ ಅದನ್ನು ತಿದ್ದಿ, ಪಾಲು ಕೊಡಬೇಕಾದದ್ದು ಮೊದಲೇ ಖಾಲಿಯಿದ್ದ ನೆಲದಲ್ಲಿ ಮಾತ್ರ, ಕಟ್ಟಡದ ಅಡಿಯ ನೆಲದಲ್ಲಿ ಅಲ್ಲ ಎಂದರು. 2006ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಊರಿಗೆ ಬರಬೇಕಾದ ನೆಲ ಒಂದು ಶಬ್ದದ ತಿದ್ದುಪಡಿಯಲ್ಲಿ ಕರಗಿತು. ಫೀನಿಕ್ಸ್ ಮಿಲ್ಲಿನ ಮಾಲಿನಲ್ಲಿ ಚಿಮಣಿ ಈಗಲೂ ನಿಂತಿದೆ, ಕೆಳಗೆ ಅಂಗಡಿಗಳು.

ಆದ್ದರಿಂದ ಬಾಯಿಮಾತು ನಂಬಬೇಡಿ. ರಂಗಮಂದಿರಕ್ಕೆ ಎಷ್ಟು ಚದರಡಿ, ಎಷ್ಟು ವರ್ಷ, ಬಾಡಿಗೆ ಎಷ್ಟಕ್ಕಿಂತ ಏರುವಂತಿಲ್ಲ ಎಂಬುದೆಲ್ಲ ಕರಾರು ಪತ್ರದಲ್ಲಿ ಬರಲಿ, ನೋಂದಣಿಯೂ ಆಗಲಿ.

ನಿವೃತ್ತ ಎಂಜಿನಿಯರ್, ಮಲ್ಲೇಶ್ವರ

ನಮ್ಮ ಬಡಾವಣೆಯ ಪಕ್ಕದ ರಾಜಾ ಮಿಲ್ ಜಾಗದಲ್ಲಿ 2010ರಿಂದ ಮಾಲ್ ಇದೆ. ಮಿಲ್ಲಿನ ಸೈರನ್ನಿಗೆ ಗಡಿಯಾರ ಸರಿಮಾಡಿಕೊಂಡವನು ನಾನು, ಅತ್ತ ಹೋದಾಗಲೆಲ್ಲ ಸಂಕಟವಾಗುತ್ತದೆ. ಮಿನರ್ವ ಮಿಲ್ಲಿನ ಅಂಗಳಕ್ಕಾದರೂ ಸಿನಿಮಾದವರು ಸೆಟ್ ಹಾಕಲು ಬರುತ್ತಾರೆ.

ತಾಯಿ, ನಿಮ್ಮ ಯೋಜನೆಯಲ್ಲಿ ಒಂದು ಬದಲಾವಣೆ ಮಾಡಿ. ರಂಗಮಂದಿರ ಶೆಡ್ಡಿನಲ್ಲಿ ಬೇಡ, ಹತ್ತಿ ಗೋದಾಮಿನಲ್ಲಿ ಮಾಡಿ. ಉತ್ತರದ ಗಾಜಿನಿಂದ ಬರುವ ಬೆಳಕಿಗೆ ನೆರಳಿಲ್ಲ, ಬಿಸಿಲ ಝಳವಿಲ್ಲ. ಹೊಲಿಯುವವರಿಗೆ ಅದಕ್ಕಿಂತ ಒಳ್ಳೆಯದಿಲ್ಲ, ನಾಟಕಕ್ಕೆ ಅದೇ ಶತ್ರು. ಬೆಂಕಿಯ ಭಯಕ್ಕೆ ಗೋದಾಮನ್ನು ದೂರದಲ್ಲಿ, ದಪ್ಪ ಗೋಡೆಯಿಟ್ಟು ಕಟ್ಟುತ್ತಿದ್ದರು. ಹೊರಗಿನ ಸದ್ದು, ಬೆಳಕು ಎರಡೂ ಒಳಗೆ ಕಡಿಮೆ. ಆದರೆ ಅದಕ್ಕೆ ಬಾಗಿಲು ಒಂದೋ ಎರಡೋ ಇರುತ್ತದೆ. ಎದುರುಬದುರು ಗೋಡೆ ಕೊರೆದು, ಹೊರಕ್ಕೆ ತೆರೆದುಕೊಳ್ಳುವ ಅಗಲವಾದ ಬಾಗಿಲುಗಳನ್ನು ಇಡದೆ ಒಬ್ಬ ಪ್ರೇಕ್ಷಕನನ್ನೂ ಒಳಗೆ ಕೂರಿಸಬೇಡಿ. ಮುಂಬೈಯ ಕಮಲಾ ಮಿಲ್ಸ್ ಆವರಣದಲ್ಲಿ 2017ರ ಡಿಸೆಂಬರಿನಲ್ಲಿ ಬೆಂಕಿ ಬಿದ್ದು 14 ಜನ ಸತ್ತರು.

ತೊಲೆಗಳ ಮೇಲೆ ಕೂತ ಹಳೆಯ ಹತ್ತಿ ಧೂಳನ್ನು ವೆಲ್ಡಿಂಗ್ ಶುರುವಾಗುವ ಮುನ್ನವೇ ತೆಗೆಸಿ. ಒಂದು ಕಿಡಿ ಸಾಕು. ಛಾವಣಿ ಕಲ್ನಾರು (ಆಸ್ಬೆಸ್ಟಾಸ್) ತಗಡಿನದಾಗಿದ್ದರೆ ಒಡೆಯಬೇಡಿ, ಕೊರೆಯಬೇಡಿ, ತಿಳಿದವರಿಂದಲೇ ಇಳಿಸಿ. ನೂಲು ತುಂಡಾಗದಿರಲೆಂದು ತೇವದ ಗಾಳಿ ಹಾಯಿಸುತ್ತಿದ್ದ ಕಾಲುವೆಗಳು ನೆಲದಡಿ ಇರಬಹುದು. ಭಾರ ಇಡುವ ಮುನ್ನ ಅವು ಎಲ್ಲಿವೆ ಎಂದು ಗುರುತಿಸಬೇಕು. ನಕ್ಷೆ ಇದೆಯೇ?

ಜಾಬರ್ ಮಗಳು, ದಾವಣಗೆರೆ

ಎಲ್ಲರಿಗೂ ಕೈಮುಗಿಯುತ್ತೇನೆ. ಗೋದಾಮಿನ ಮಾತು ನಮ್ಮ ಹನ್ನೊಂದು ಜನರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ನಿನ್ನೆ ಅಳತೆ ಹಿಡಿದೆವು, 200 ಕುರ್ಚಿ ಹಿಡಿಸುವುದಿಲ್ಲ, 140ಕ್ಕೆ ಮೋಸವಿಲ್ಲ. ಕರಾರಿಗೆ ವಕೀಲರೊಬ್ಬರನ್ನು ಕಂಡಿದ್ದೇವೆ.

ಸರ್, ನಕ್ಷೆ ಮಾಲೀಕರ ಬಳಿಯೂ ಇಲ್ಲ. ರಾತ್ರಿ ನಿಮ್ಮ ಬರಹವನ್ನು ಅಪ್ಪನಿಗೆ ಓದಿ ಹೇಳಿದೆ. ಏನೂ ಮಾತಾಡದೆ ಹಳೆಯ ಕ್ಯಾಲೆಂಡರಿನ ಹಾಳೆ ಕಿತ್ತು, ಹಿಂಬದಿಯಲ್ಲಿ ಆರು ಕಾಲುವೆಗಳನ್ನು ಗೆರೆ ಎಳೆದು ತೋರಿಸಿದರು. ಮೂರನೆಯದು ಮುಖ್ಯ ಬಾಗಿಲಿನ ಕೆಳಗೇ ಹಾಯುತ್ತದಂತೆ, ಅದರ ಮೇಲಿನ ಚಪ್ಪಡಿ ಆಗಲೇ ಬಿರುಕು ಬಿಟ್ಟಿತ್ತಂತೆ. ಸಾಮಾನಿನ ಲಾರಿ ಒಳಗೆ ಬರಲು ಇರುವುದು ಅದೊಂದೇ ಬಾಗಿಲು. ಚಪ್ಪಡಿ ಎತ್ತಿಸಿ ಕಾಲುವೆಯನ್ನೇ ತುಂಬಿಸಬೇಕೇ, ಅಥವಾ ಮೇಲೆ ಹೊಸ ಕಾಂಕ್ರೀಟ್ ಹಾಸು ಸಾಕೇ?